ಬೆಳಗಾದರೆ ಸೋಮವಾರ

ಕೊಳ್ಳೇಗಾಲದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಸಾಲಿನಲ್ಲಿ ಕೂತು ಅನಂತಕೃಷ್ಣಯ್ಯನವರು ನಲವತ್ತೊಂದು ವರ್ಷ ಪತ್ರ ಬರೆದರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಮರಣಶಾಸನ, ಹೀಗೆ ಅವರ ಕೈಯಿಂದ ಹೊರಟ ಕಾಗದಗಳಿಗೆ ಲೆಕ್ಕವಿಲ್ಲ. ಪತ್ರದ ಕೊನೆಯಲ್ಲಿ ಎಷ್ಟು ಕಡೆ ಹೊಡೆದು ತಿದ್ದಿದೆ ಎಂದು ಬರೆಯುವ ಪದ್ಧತಿ ಉಂಟು. ಅವರ ಪತ್ರಗಳಲ್ಲಿ ಆ ಜಾಗದಲ್ಲಿ ಯಾವಾಗಲೂ 'ಇಲ್ಲ' ಎಂದೇ ಇರುತ್ತಿತ್ತು. ಅವರು ಬರೆದದ್ದಕ್ಕೆ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಲು ಒಬ್ಬ ಕಕ್ಷಿದಾರನೂ ತಿರುಗಿ ಬಂದದ್ದಿಲ್ಲ. ಇದನ್ನು ಅವರು ತಾವಾಗಿ ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಬೇಡ ಎನ್ನುತ್ತಲೂ ಇರಲಿಲ್ಲ.

ಅಂಥವರಿಗೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಗಾಲ್ವೇ ಪಟ್ಟಣದ ಪಕ್ಕದ ಒರಾನ್‌ಮೋರ್ ಎಂಬ ಊರಿನಲ್ಲಿ, ಮಗನ ಬಾಡಿಗೆ ಮನೆಯ ಅಡುಗೆ ಮೇಜಿನ ಮುಂದೆ ಕೂತು, ತಾವೇ ಬರೆದ ಒಂದು ತಾರೀಖಿಗೆ ಉತ್ತರ ಹೇಳಬೇಕಾಗಿ ಬಂತು.

ಅವರು ಇಲ್ಲಿಗೆ ಬಂದದ್ದು ಎರಡು ಸಾವಿರದ ಇಪ್ಪತ್ತನೆಯ ಇಸವಿಯ ಫೆಬ್ರವರಿಯಲ್ಲಿ. ಅದಕ್ಕೆ ನಾಲ್ಕು ತಿಂಗಳ ಹಿಂದೆ ಹೆಂಡತಿ ರಾಜಮ್ಮ ತೀರಿಕೊಂಡಿದ್ದರು. "ಮೂರು ತಿಂಗಳು ಇದ್ದು ಹೋಗೋರಂತೆ ಬನ್ನಿ" ಎಂದು ಮಗ ಶ್ರೀಹರ್ಷ ಕರೆತಂದ. ಬಂದು ತಿಂಗಳಾಗುವಷ್ಟರಲ್ಲಿ ಕೊರೋನಾ ಬಂತು. ವಿಮಾನಗಳು ನಿಂತವು. ಸರ್ಕಾರ ಎಲ್ಲರ ವೀಸಾಗಳನ್ನೂ ತಾನಾಗಿಯೇ ಮುಂದಕ್ಕೆ ಹಾಕುತ್ತ ಹೋಯಿತು. ರಾಜಮ್ಮನ ವರ್ಷಾಬ್ದಿಕವೂ ಇಲ್ಲೇ ಆಯಿತು. ಕೊಳ್ಳೇಗಾಲದಿಂದ ಜಯರಾಮ ಜೋಯಿಸರು ಫೋನಿನಲ್ಲಿ ಮಂತ್ರ ಹೇಳಿದರು, ತಂದೆ ಮಗ ಕೇಳಿ ಮಾಡಿದರು. ದರ್ಭೆ ಎಲ್ಲಿಂದ ತರುವುದೆಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಸೊಸೆ ಶ್ರೀಲಕ್ಷ್ಮಿ ಸಮುದ್ರದ ದಡಕ್ಕೆ ಹೋಗಿ, ಮರಳಿನಲ್ಲಿ ಬೆಳೆದ ಉದ್ದನೆಯ ಹುಲ್ಲನ್ನು ಕೊಯ್ದು ತಂದಳು. ಫೋನಿನಲ್ಲಿ ತೋರಿಸಿದಾಗ ಜೋಯಿಸರು ಬಹಳ ಹೊತ್ತು ನೋಡಿ, "ಆಗಲಿ, ಹುಡುಕಿಕೊಂಡು ಹೋಗಿ ತಂದಿದ್ದಾಳಲ್ಲ" ಎಂದರು.

ಹುಡುಕಿಕೊಂಡು ಹೋಗಿ ತರುವವಳೇ ಅವಳು. ಮೈಸೂರಿನ ಹುಡುಗಿ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಆಸ್ಪತ್ರೆಯ ಯಂತ್ರಗಳ ಅಳತೆ ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಶ್ರೀಹರ್ಷನಿಗೆ ಇಲ್ಲಿ ಕೆಲಸ ಸಿಕ್ಕಿ, ಮರುವರ್ಷ ಮಗುವನ್ನು ಎತ್ತಿಕೊಂಡು ಅವಳು ಬಂದಾಗ ಅವಳ ಗುರುತಿನ ಕಾರ್ಡಿನ ಮೇಲೆ 'ಸ್ಟಾಂಪ್ ತ್ರೀ' ಎಂದು ಬರೆದುಕೊಟ್ಟರು. ಅಂದರೆ ಗಂಡನ ಜೊತೆ ಇರಬಹುದು, ದುಡಿಯುವ ಹಾಗಿಲ್ಲ. ನಾಲ್ಕು ವರ್ಷ ಅವಳು ಹಾಗೇ ಇದ್ದಳು. ಗೊಣಗಿದವಳಲ್ಲ. ಆದರೆ ಕೈ ಸುಮ್ಮನಿರುತ್ತಿರಲಿಲ್ಲ. ಕೊರೋನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಆಕ್ಸಿಮೀಟರನ್ನು ಎಲ್ಲರೂ ತರಿಸಿಕೊಂಡರಲ್ಲ, ಗಾಲ್ವೇಯ ಕನ್ನಡದವರ ಮನೆಗಳಿಂದ ಅವೆಲ್ಲ ಇವಳ ಮೇಜಿಗೆ ಬರುತ್ತಿದ್ದವು. ಒಂದರ ಪಕ್ಕ ಒಂದಿಟ್ಟು ನೋಡಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಕಳಿಸುತ್ತಿದ್ದಳು: 'ಇದು ಎರಡು ಹೆಚ್ಚಿಗೆ ತೋರಿಸುತ್ತದೆ.' 'ಇದು ಪರವಾಗಿಲ್ಲ.' 'ಇದನ್ನು ಎಸೆಯಿರಿ.'

ಆ ನವೆಂಬರಿನಲ್ಲಿ ಶ್ರೀಹರ್ಷನಿಗೆ ಕಾಯಂ ವಾಸದ ಅನುಮತಿ ಬಂತು. ಇಲ್ಲಿ ಅದನ್ನು 'ಸ್ಟಾಂಪ್ ಫೋರ್' ಎನ್ನುತ್ತಾರೆ. ಇನ್ನು ಅವನು ಯಾವ ಕೆಲಸಕ್ಕೆ ಸೇರಲೂ ಯಾರ ಪರವಾನಗಿಯನ್ನೂ ಕೇಳಬೇಕಿರಲಿಲ್ಲ. ಗಂಡನಿಗೆ ಬಂದ ಮೇಲೆ ಹೆಂಡತಿಯೂ ತನ್ನ ಸ್ಥಿತಿಯನ್ನು ಬದಲಿಸಿಕೊಡಿ, ಕೆಲಸ ಮಾಡಲು ಬಿಡಿ ಎಂದು ಅರ್ಜಿ ಹಾಕಿ ಕೇಳಿಕೊಳ್ಳಬಹುದು. ಕೊಡುವುದು ಬಿಡುವುದು ವಲಸೆ ಇಲಾಖೆಗೆ ಸೇರಿದ್ದು. ಶ್ರೀಲಕ್ಷ್ಮಿ ತಡಮಾಡಲಿಲ್ಲ, ಅರ್ಜಿ ತಾನೇ ತುಂಬಿ ಕಳಿಸಿದಳು. ಜನವರಿಯಲ್ಲಿ ಗಾಲ್ವೇಯ ಒಂದು ಕಂಪನಿಯವರು ವಿಡಿಯೋದಲ್ಲಿ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿ ಅವಳನ್ನು ಆರಿಸಿಕೊಂಡರು. ಉಸಿರಾಟದ ಯಂತ್ರಕ್ಕೆ ಬೇಕಾಗುವ ಕೊಳವೆಗಳನ್ನು ಮಾಡುವ ಕಂಪನಿ. ಅವುಗಳ ಅಳತೆ ಪರೀಕ್ಷಿಸುವ ಕೆಲಸ. "ಮಾರ್ಚ್ ಮುಗಿಯುವುದರೊಳಗೆ ಕೆಲಸದ ಹಕ್ಕಿನ ಕಾಗದ ತೋರಿಸಿ. ಅಲ್ಲಿಯವರೆಗೆ ಜಾಗ ನಿಮಗಾಗಿ ಇರುತ್ತೆ" ಎಂದರು.

ಇಲಾಖೆಯ ಪತ್ರ ಬಂದದ್ದು ಫೆಬ್ರವರಿ ಮೂರನೆಯ ವಾರ. ಶ್ರೀಹರ್ಷ ಅದನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟ.

"ಅಪ್ಪ, ನಮ್ಮ ಮದುವೆ ಯಾವತ್ತಾಯ್ತು?"

"ಇದೇನೋ ಕೇಳೋ ಮಾತು? ವಿಜಯ ಸಂವತ್ಸರ, ವೈಶಾಖ ಮಾಸ, ಭಾನುವಾರ, ಮೇಷ ಲಗ್ನ."

"ತಾರೀಖು ಹೇಳಿ."

"ಎರಡು ಸಾವಿರದ ಹದಿಮೂರು, ಮೇ ಹತ್ತೊಂಬತ್ತು."

ಶ್ರೀಲಕ್ಷ್ಮಿ ಕಾಗದದಿಂದ ಕಣ್ಣೆತ್ತಲಿಲ್ಲ. "ನಾನು ಇಪ್ಪತ್ತು ಅಂತ ಬರೆದಿದ್ದೀನಿ, ಮಾವ" ಎಂದಳು.

ನಡೆದದ್ದು ಇಷ್ಟು. ಮದುವೆಯ ಮುಹೂರ್ತ ಇದ್ದದ್ದು ಬೆಳಗಿನ ಜಾವ ನಾಲ್ಕು ನಲವತ್ತಕ್ಕೆ. ಪಂಚಾಂಗದ ಪ್ರಕಾರ ದಿನ ಶುರುವಾಗುವುದು ಸೂರ್ಯೋದಯಕ್ಕೆ. ಸೂರ್ಯ ಹುಟ್ಟುವ ತನಕ ಹಿಂದಿನ ವಾರವೇ. ಆದ್ದರಿಂದ ಲಗ್ನಪತ್ರಿಕೆಯಲ್ಲಿ 'ಭಾನುವಾರ ರಾತ್ರಿ ೪-೪೦ಕ್ಕೆ, ಬೆಳಗಾದರೆ ಸೋಮವಾರ' ಎಂದು ಅಚ್ಚಾಗಿತ್ತು. ಆಮೇಲೆ ವಿವಾಹ ನೋಂದಣಿಯ ಅರ್ಜಿ ತುಂಬಿದವರು ಅನಂತಕೃಷ್ಣಯ್ಯನವರೇ. ಮಗನ ಮದುವೆಯ ಕಾಗದವನ್ನು ಬೇರೆಯವರ ಕೈಗೆ ಕೊಡುವುದುಂಟೆ? ಭಾನುವಾರದ ತಾರೀಖು ಹತ್ತೊಂಬತ್ತು, ಅದನ್ನೇ ಬರೆದರು. ಸರ್ಟಿಫಿಕೇಟಿನಲ್ಲೂ ಅದೇ ಬಂತು. ಮೊದಲ ಸಲ ವೀಸಾಕ್ಕೆ ಹಾಕುವಾಗ ಶ್ರೀಹರ್ಷ ಸರ್ಟಿಫಿಕೇಟು ನೋಡಿ ಹತ್ತೊಂಬತ್ತು ಎಂದು ಬರೆದಿದ್ದ. ಈಗ ಶ್ರೀಲಕ್ಷ್ಮಿ ತನಗೆ ತಾಳಿ ಕಟ್ಟಿದ ಗಳಿಗೆಯನ್ನು ಗಡಿಯಾರದಲ್ಲಿ ನೆನೆದು ಇಪ್ಪತ್ತು ಎಂದು ಬರೆದಿದ್ದಳು. ಮದುವೆಯ ಫೋಟೋಗಳ ಮೂಲೆಯಲ್ಲೂ ಇಪ್ಪತ್ತೇ ಇತ್ತು. ಒಂದೇ ಗಂಡ ಹೆಂಡತಿ ಎರಡು ಸಲ ಎರಡು ತಾರೀಖು ಕೊಟ್ಟಿದ್ದೀರಿ, ಯಾಕೆಂದು ಇಪ್ಪತ್ತೊಂದು ದಿನದೊಳಗೆ ಆಧಾರ ಸಹಿತ ತಿಳಿಸಿ ಎಂದು ಇಲಾಖೆ ಕೇಳಿತ್ತು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನಾಗಿದ್ದರೂ ಕೇಳುತ್ತಿದ್ದೆ ಎಂದು ಅನಂತಕೃಷ್ಣಯ್ಯನವರಿಗೆ ಅನ್ನಿಸಿತು.

"ಭಾನುವಾರ ಅನ್ನೋದು ಸರಿಯೇ" ಎಂದರು.

"ಅಪ್ಪ, ಅವರಿಗೆ ರಾತ್ರಿ ಹನ್ನೆರಡಕ್ಕೆ ದಿನ ಬದಲಾಗುತ್ತೆ."

"ಅವರಿಗೆ ಆಗುತ್ತೆ. ನಮ್ಮ ಮದುವೆ ಅವರ ಲೆಕ್ಕದಲ್ಲಿ ಮಾಡಿದ್ದಲ್ಲವಲ್ಲ."

"ನಿಮ್ಮ ಲೆಕ್ಕದಲ್ಲೇ ನೋಡೋಣ. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟೋದು ಒಂಬತ್ತಕ್ಕೆ. ನಾನು ಎಂಟೂವರೆಗೆ ಲಾಗಿನ್ ಆಗ್ತೀನಿ. ಅಂದ್ರೆ ದಿನಾ ನಿನ್ನೆಯ ಆಫೀಸಿಗೆ ಹೋಗ್ತಿದ್ದೀನಿ."

"ಹೋಗ್ತಿದ್ದೀಯ" ಎಂದರು ಅನಂತಕೃಷ್ಣಯ್ಯನವರು, ನಗದೆ.

ಆರು ವರ್ಷದ ಮೊಮ್ಮಗಳು ಇಂಚರಾ ಬಣ್ಣದ ಪೆನ್ಸಿಲು ಹಿಡಿದು ಅಲ್ಲೇ ಕೂತಿದ್ದಳು. ಮನೆಯಲ್ಲಿ ಆಡುವ ಕನ್ನಡವೆಲ್ಲ ಅವಳಿಗೆ ತಿಳಿಯುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಗಾಲ್ವೇಯ ಇಂಗ್ಲಿಷು. "ಎರಡು ದಿನ ಮದುವೆ ಆಗಿದ್ರೆ ಗ್ರ್ಯಾಂಡ್ ಅಲ್ವಾ? ಎರಡು ಕೇಕ್" ಎಂದು ಅವಳು ತನ್ನ ಇಂಗ್ಲಿಷಿನಲ್ಲಿ ಹೇಳಿದಳು.

ಶ್ರೀಹರ್ಷ ಮಾರನೆಯ ದಿನ ಕೊಳ್ಳೇಗಾಲಕ್ಕೆ ಫೋನು ಮಾಡಿದ. ತಂದೆಯ ಪಕ್ಕದ ಮೇಜಿನಲ್ಲಿ ಪತ್ರ ಬರೆಯುತ್ತಿದ್ದ ಚಿಕ್ಕಣ್ಣ ಎಂಬವರು ಇನ್ನೂ ಅಲ್ಲೇ ಕೂರುತ್ತಿದ್ದರು. "ಸರ್ಟಿಫಿಕೇಟು ತಿದ್ದಿಸಬಹುದು ಕಣಪ್ಪಾ. ಆದ್ರೆ ಗಂಡ ಹೆಂಡ್ತಿ ಇಬ್ರೂ ಖುದ್ದಾಗಿ ಬಂದು ನಿಂತ್ಕೋಬೇಕು. ಬಂದ್ರೂ ಎರಡು ಮೂರು ತಿಂಗಳು ಅಂತಿಟ್ಕೋ" ಎಂದರು. ಆಮೇಲೆ ದನಿ ತಗ್ಗಿಸಿ, "ಆ ಅರ್ಜಿ ಬರೆದಿದ್ದು ಯಾರು? ನಿಮ್ಮಪ್ಪನೇ?" ಎಂದು ಕೇಳಿದರು. ಫೋನು ಸ್ಪೀಕರಿನಲ್ಲಿತ್ತು. ಅನಂತಕೃಷ್ಣಯ್ಯನವರು ಎದ್ದು ಕಿಟಕಿಯ ಕಡೆ ಹೋದರು.

ಹೋಗಿ ನಿಲ್ಲುವ ಮಾತಂತೂ ಇರಲಿಲ್ಲ. ಶ್ರೀಲಕ್ಷ್ಮಿಯ ಕಾರ್ಡಿನ ಅವಧಿ ಹಿಂದಿನ ಜೂನ್‌ನಲ್ಲೇ ಮುಗಿದಿತ್ತು. ದೇಶದೊಳಗೆ ಇರುವುದಕ್ಕೆ ಸರ್ಕಾರದ ಪ್ರಕಟಣೆ ಸಾಕು. ಆದರೆ ಅವಧಿ ಮುಗಿದ ಕಾರ್ಡು ತೋರಿಸಿ ಬೆಂಗಳೂರಿನಲ್ಲಿ ವಿಮಾನ ಹತ್ತಲು ಬಿಡುತ್ತಾರೆಯೇ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಲೂ ಇದೇ ಪ್ರಶ್ನೆ ಎದ್ದಿತ್ತು. ಹೋಗುವುದು ಕಷ್ಟವಿರಲಿಲ್ಲ, ಮಗಳಿರುವ ಮನೆಗೆ ತಿರುಗಿ ಬರುವುದು ಹೇಗೆ ಎಂಬುದೇ ಕಷ್ಟವಾಗಿತ್ತು. ಆಗ ಅವಳು ಹೋಗಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲಿದ್ದ ತಾಯಿಯನ್ನು ಫೋನಿನಲ್ಲಿ ನೋಡಿ ಮಾತಾಡಿದಳು, ಅಷ್ಟೆ.

"ಅಪ್ಪ, ಒಂದು ಅಫಿಡವಿಟ್ ಕೊಟ್ಟುಬಿಡಿ" ಎಂದ ಶ್ರೀಹರ್ಷ. "ಅರ್ಜಿ ತುಂಬಿದ್ದು ನಾನು, ಕಣ್ತಪ್ಪಿನಿಂದ ತಾರೀಖು ತಪ್ಪಾಗಿದೆ ಅಂತ. ನಾಲ್ಕು ಸಾಲು. ಮುಗಿದುಹೋಗುತ್ತೆ."

"ನೋಡೋಣ" ಎಂದರು.

ಮೂರು ದಿನ ನೋಡಿದರು. ಸಂಧ್ಯಾವಂದನೆ ಆದ ಮೇಲೆ ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು, ನಂಜನಗೂಡಿನ ಶ್ರೀಕಂಠೇಶ್ವರನ ಪಟದ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತರು. ತಪ್ಪು ಎಂದು ಬರೆದುಕೊಡುವುದು ಅವರಿಗೆ ಕಷ್ಟವಾಯಿತು, ಅದು ನಿಜ. ಆದರೆ ಅದಕ್ಕಿಂತ ಕಷ್ಟವಾದದ್ದು ಮನೆಯಲ್ಲಿ ಸೊಸೆ ಒಂದು ಮಾತೂ ಆಡದೆ ಓಡಾಡಿಕೊಂಡಿದ್ದದ್ದು. ಕಾಫಿ ಅದೇ ಹೊತ್ತಿಗೆ ಬರುತ್ತಿತ್ತು, ಸಾರಿಗೆ ಅದೇ ರುಚಿ ಇತ್ತು. ಅವಳು ಒಂದು ಸಲ ಮುನಿಸಿಕೊಂಡು ಪಾತ್ರೆ ಕುಕ್ಕಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ರಾಜಮ್ಮ ಇದ್ದಿದ್ದರೆ ಖಂಡಿತ ಕುಕ್ಕುತ್ತಿದ್ದಳು. "ಆ ಹುಡುಗಿ ಕೈಗೆ ಕೆಲಸ ಕೊಡದೆ ಕೂರಿಸಿದ್ದಾರಲ್ಲ, ಇವರ ದೇಶಕ್ಕೇ ನಷ್ಟ" ಎಂದು ಆಕೆ ಕೊಳ್ಳೇಗಾಲದಲ್ಲಿ ಕೂತು ಐರ್ಲೆಂಡಿನ ಸರ್ಕಾರವನ್ನು ಬೈಯುತ್ತಿದ್ದದ್ದು ನೆನಪಾಯಿತು. ಕಣ್ಣು ಒದ್ದೆಯಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಸೊಸೆಯನ್ನು ಕರೆದರು.

"ಕಾಗದ ತಾ ಲಕ್ಷ್ಮಿ. ತಪ್ಪಾಯ್ತು ಅಂತ ಬರೆದುಕೊಟ್ಟುಬಿಡ್ತೀನಿ."

"ಬೇಡಿ, ಮಾವ."

"ಯಾಕೆ? ನಾನೇ ಬರೀತೀನಿ ಅಂತಿದ್ದೀನಲ್ಲ."

ಅವಳು ಎದುರಿಗೆ ಬಂದು ಕೂತಳು. "ನೀವು ತಪ್ಪು ಅಂತ ಒಪ್ಪಿಕೊಂಡ್ರೆ ಸರ್ಟಿಫಿಕೇಟೇ ತಪ್ಪು ಅಂತಾಯ್ತು. ಸರಿ, ತಿದ್ದಿಸಿಕೊಂಡು ಬನ್ನಿ ಅಂತಾರೆ. ಆಗ ನಾನು ಹೋಗಬೇಕು."

ನಲವತ್ತೊಂದು ವರ್ಷ ಪತ್ರ ಬರೆದವರಿಗೆ ಇದು ಹೊಳೆಯದೆ ಹೋಗಿತ್ತು. ಮನಸ್ಸು ತನ್ನ ಮಾನದ ಸುತ್ತಲೇ ಸುತ್ತುತ್ತಿದ್ದರೆ ಬುದ್ಧಿ ಎಲ್ಲಿ ಓಡುತ್ತದೆ.

"ಇನ್ನೊಂದು" ಎಂದಳು ಶ್ರೀಲಕ್ಷ್ಮಿ. "ನೀವು ಬರೆದಿದ್ದು ತಪ್ಪಲ್ಲವಲ್ಲ. ನಾನು ಬರೆದಿದ್ದೂ ತಪ್ಪಲ್ಲ. ನಮ್ಮ ಕೆಲಸದಲ್ಲಿ ಹೀಗಾಗುತ್ತೆ. ಒಂದೇ ಕೊಳವೆ, ಎರಡು ಮೀಟರು, ಎರಡು ಬೇರೆ ಅಂಕಿ. ಹೊಸಬರು ತಕ್ಷಣ ಒಂದು ಕೆಟ್ಟಿದೆ ಅಂತಾರೆ. ಮೊದಲು ನೋಡಬೇಕಾದ್ದು ಯಾವ ಮೀಟರು ಎಲ್ಲಿಂದ ಸೊನ್ನೆ ಹಿಡಿದಿದೆ ಅಂತ. ನಿಮ್ಮ ಸೊನ್ನೆ ಸೂರ್ಯೋದಯ. ನನ್ನದು ಮಧ್ಯರಾತ್ರಿ. ಅಳೆದಿರೋದು ಒಂದೇ ಗಳಿಗೆ. ಅದನ್ನೇ ಬರೀರಿ."

"ಅವರಿಗೆ ಅರ್ಥವಾಗುತ್ತೇನಮ್ಮ?"

"ಅರ್ಥ ಆಗೋ ಹಾಗೆ ಬರೆಯೋದು ನಿಮ್ಮ ಕೆಲಸ."

ಅವರು ಸೊಸೆಯ ಮುಖ ನೋಡಿದರು. ಎಂಟು ವರ್ಷದಲ್ಲಿ ಅವಳು ಮಾವನಿಗೆ ಕೆಲಸ ಹೇಳಿದ್ದು ಅದೇ ಮೊದಲು.

ಬರವಣಿಗೆ ಎರಡು ದಿನ ಹಿಡಿಯಿತು. ಕನ್ನಡದಲ್ಲಿ ಅವರು ಬರೆದರು, ಇಂಗ್ಲಿಷಿಗೆ ಅವಳು ತಿರುಗಿಸಿದಳು. ಅನಂತಕೃಷ್ಣಯ್ಯನವರಿಗೆ ಇಂಗ್ಲಿಷು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿದ್ದದ್ದೆಲ್ಲ ಪತ್ರದ ಇಂಗ್ಲಿಷು. ಅಂಗಡಿಯಲ್ಲಿ ಹಾಲು ಕೇಳಲು ಸಾಲದು, ಆಸ್ತಿ ಮಾರಲು ಬೇಕಾದಷ್ಟಾಯಿತು. ಒಂದೊಂದು ಮಾತಿಗೂ ಇಬ್ಬರಲ್ಲಿ ಚರ್ಚೆ.

"'ಸಂಪ್ರದಾಯದ ಪ್ರಕಾರ' ಅಂತ ಹಾಕ್ಲಾ?"

"ಬೇಡ. ಸಂಪ್ರದಾಯ ಅಂದ್ರೆ ಇವರು ಕುಣಿತ ಅಂದ್ಕೋತಾರೆ. 'ಪಂಚಾಂಗದ ಕಾಲಗಣನೆಯ ಪ್ರಕಾರ' ಅನ್ನು."

"ಉದ್ದ ಆಗುತ್ತೆ, ಮಾವ."

"ಆಗಲಿ. ಉದ್ದವಾಗಿದ್ದಕ್ಕೆ ಯಾವ ಪತ್ರವೂ ಕೋರ್ಟಿನಲ್ಲಿ ಬಿದ್ದುಹೋಗಿಲ್ಲ."

ಕೊನೆಗೆ ನಿಂತ ಒಕ್ಕಣೆ ಹೀಗಿತ್ತು: 'ಸದರಿ ವಧೂವರರ ಮಾಂಗಲ್ಯಧಾರಣೆಯು ನನ್ನ ಸಮಕ್ಷಮದಲ್ಲಿ, ಸೂರ್ಯ ಹುಟ್ಟುವವರೆಗೆ ಹಿಂದಿನ ದಿನವೇ ಎನ್ನುವ ಪಂಚಾಂಗದ ಕಾಲಗಣನೆಯ ಪ್ರಕಾರ ಭಾನುವಾರ ಇನ್ನೂ ಮುಗಿಯದೆ ಇದ್ದು, ಗಡಿಯಾರದ ರೀತ್ಯಾ ಸೋಮವಾರ ಆಗಲೇ ಆರಂಭವಾಗಿದ್ದ ಹೊತ್ತಿನಲ್ಲಿ, ಬೆಳಗಿನ ಜಾವ ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ನಡೆಯಿತು. ಮೇ ಹತ್ತೊಂಬತ್ತು ಎಂದು ಬರೆದವನು ನಾನು. ಮೇ ಇಪ್ಪತ್ತು ಎಂದು ಬರೆದವಳು ನನ್ನ ಸೊಸೆ. ಎರಡೂ ಒಂದೇ ಗಳಿಗೆಯ ಹೆಸರು. ಈ ದಂಪತಿಗೆ ಬೇರೆ ಮದುವೆ ಆಗಿಲ್ಲ, ಬೇರೆ ದಿನ ಆಗಿಲ್ಲ.' ಅದರ ಜೊತೆಗೆ ಲಗ್ನಪತ್ರಿಕೆ, ಫೋಟೋಗಳು, ಆ ವರ್ಷದ ಪಂಚಾಂಗದಿಂದ ಜಯರಾಮ ಜೋಯಿಸರು ಫೋನಿನಲ್ಲಿ ಕಳಿಸಿದ ಪುಟ.

ಪ್ರಮಾಣ ಮಾಡಿಸಿ ಸಹಿ ಹಾಕಿಸಿಕೊಳ್ಳಲು ಗಾಲ್ವೇಯಲ್ಲಿ ಫಾಹಿ ಎಂಬ ವಕೀಲೆಯ ಕಚೇರಿಗೆ ಹೋಗಬೇಕಿತ್ತು. ಆಗ ಮನೆಯಿಂದ ಐದು ಕಿಲೋಮೀಟರು ದಾಟುವಂತಿರಲಿಲ್ಲ, ದಾಟಿದರೆ ಕಾರಣ ಹೇಳಬೇಕು. ದಾರಿಯಲ್ಲಿ ಪೊಲೀಸಿನವನು ಕಾರು ನಿಲ್ಲಿಸಿದ. "ನಮ್ಮ ತಂದೆ ಒಂದು ಪ್ರಮಾಣ ಮಾಡಬೇಕಾಗಿದೆ" ಎಂದ ಶ್ರೀಹರ್ಷ. ಪೊಲೀಸಿನವನು ಬಗ್ಗಿ, ಹಿಂದಿನ ಸೀಟಿನಲ್ಲಿ ಮಂಕಿ ಟೋಪಿ, ಮಾಸ್ಕು, ವಿಭೂತಿ ಎಲ್ಲ ಒಟ್ಟಿಗೆ ಹಾಕಿಕೊಂಡು ಕೂತಿದ್ದವರನ್ನು ನೋಡಿದ. "ಸುಳ್ಳು ಹೇಳುವವರ ಹಾಗೆ ಕಾಣುವುದಿಲ್ಲ, ಹೋಗಿ" ಎಂದು ಕೈ ಬೀಸಿದ.

ಫಾಹಿ ಎಂಬಾಕೆಗೆ ಅರವತ್ತರ ಹತ್ತಿರ ಹತ್ತಿರ ವಯಸ್ಸು. ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟು, ಕೋಟು ಹಾಕಿಕೊಂಡೇ ಕೂತಿದ್ದರು. ಒಳಗೆ ಒಬ್ಬರಿಗೆ ಮಾತ್ರ ಜಾಗ. ಮಗ ಸೊಸೆ ಬಾಗಿಲ ಹೊರಗೆ ನಿಂತರು.

"ನೀವು ಯಾರು?" ಎಂದು ಆಕೆ ಇಂಗ್ಲಿಷಿನಲ್ಲಿ ಕೇಳಿದರು.

"ಮೇಲ್ಕಂಡ ಪ್ರಮಾಣಕರ್ತನು ನಾನೇ" ಎಂದರು ಅನಂತಕೃಷ್ಣಯ್ಯನವರು, ತಮ್ಮ ಪತ್ರದ ಇಂಗ್ಲಿಷಿನಲ್ಲಿ.

ಆಕೆ ಕನ್ನಡಕದ ಮೇಲಿಂದ ನೋಡಿದರು. ಧರ್ಮಗ್ರಂಥ ಮುಟ್ಟಿ ಪ್ರಮಾಣ ಮಾಡುವಿರೋ, ಹಾಗೇ ಘೋಷಿಸುವಿರೋ ಎಂದು ಕೇಳಿದಾಗ ಅವರು ಕೋಟಿನ ಜೇಬಿನಿಂದ ನಿತ್ಯ ಪಾರಾಯಣದ ಪುಸ್ತಕ ತೆಗೆದರು. ಮುಟ್ಟುವ ಮುಂಚೆ ಕೈ ತೊಳೆಯಲು ನೀರು ಸಿಗುತ್ತದೆಯೇ ಎಂದರು. ಆಕೆ ಸ್ಯಾನಿಟೈಸರ್ ಬಾಟಲನ್ನು ಮುಂದಕ್ಕೆ ತಳ್ಳಿದರು. ಅನಂತಕೃಷ್ಣಯ್ಯನವರು ಒಂದು ಕ್ಷಣ ಯೋಚಿಸಿ, ಈ ವರ್ಷ ದೇವರೂ ಇದನ್ನೇ ಒಪ್ಪಿಕೊಂಡಿರಬೇಕು ಎಂದುಕೊಂಡು ಎರಡು ಸಲ ಒತ್ತಿಕೊಂಡರು.

ಆಕೆ ಓದತೊಡಗಿದರು. ವಕೀಲರು ಕಾಗದ ಓದುವುದನ್ನು ಅನಂತಕೃಷ್ಣಯ್ಯನವರು ಸಾವಿರ ಸಲ ನೋಡಿದ್ದರು. ಕಣ್ಣು ಎಲ್ಲಿ ನಿಂತಿತು, ಎಲ್ಲಿ ಜಾರಿ ಮುಂದೆ ಹೋಯಿತು ಎಂದು ಎದುರಿನಿಂದಲೇ ತಿಳಿಯುತ್ತಿತ್ತು. ಮಧ್ಯದ ಸಾಲಿನಲ್ಲಿ ಕಣ್ಣು ನಿಂತಿತು.

"ಸೂರ್ಯ ಹುಟ್ಟುವವರೆಗೆ ಹಿಂದಿನ ದಿನ" ಎಂದು ಆಕೆ ಓದಿಕೊಂಡರು. ಆಮೇಲೆ ಕಾಗದ ಕೆಳಗಿಟ್ಟು, "ನನ್ನ ತಾಯಿ ಭಾನುವಾರದ ಪೂಜೆಗೆ ಶನಿವಾರ ಸಾಯಂಕಾಲವೇ ಚರ್ಚಿಗೆ ಹೋಗುತ್ತಿದ್ದಳು" ಎಂದರು. "ಶನಿವಾರ ಸಂಜೆ ಆರೂವರೆಯದು ಭಾನುವಾರದ ಲೆಕ್ಕಕ್ಕೇ ಸೇರುತ್ತದೆ. ಈಗ ಚರ್ಚಿಗೆ ಹೋಗುವ ಹಾಗಿಲ್ಲ, ಟಿವಿಯಲ್ಲಿ ನೋಡುತ್ತಾಳೆ. ಅದೂ ಶನಿವಾರವೇ. ಎಂಬತ್ತೊಂಬತ್ತು ವರ್ಷ ಅವಳಿಗೆ. ಅವಳ ಭಾನುವಾರ ಶನಿವಾರ ಶುರುವಾಗುತ್ತದೆ, ನಿಮ್ಮದು ಸೋಮವಾರ ಮುಗಿಯುತ್ತದೆ."

ಬಾಗಿಲ ಹೊರಗಿನಿಂದ ಶ್ರೀಲಕ್ಷ್ಮಿ ಅದನ್ನು ಕನ್ನಡದಲ್ಲಿ ಹೇಳಿದಳು. ಅನಂತಕೃಷ್ಣಯ್ಯನವರು ಕೈ ಮುಗಿದರು. "ಅವರ ತಾಯಿ ಲೆಕ್ಕ ತಪ್ಪಿಲ್ಲ ಅಂತ ಹೇಳಮ್ಮ" ಎಂದರು.

"ಇದನ್ನು ಬರೆದವರು ಯಾರು?" ಎಂದು ಆಕೆ ಸಹಿ ಹಾಕುತ್ತ ಕೇಳಿದರು. "ಮೂವತ್ತು ವರ್ಷದಿಂದ ಇಂಥ ಕಾಗದ ನೋಡುತ್ತಿದ್ದೇನೆ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ."

ಆ ಮಾತನ್ನು ಯಾರೂ ಕನ್ನಡಕ್ಕೆ ತಿರುಗಿಸಬೇಕಾಗಲಿಲ್ಲ. ಅನಂತಕೃಷ್ಣಯ್ಯನವರು ಬಾಗಿಲ ಕಡೆ ತಿರುಗಿ ಸೊಸೆಯನ್ನು ತೋರಿಸಿದರು. "ಅರ್ಧ ನಾನು, ಅರ್ಧ ಅವಳು."

ಕಾಗದಗಳು ಹೋದವು. ಮಾರ್ಚ್ ಒಂದೊಂದೇ ದಿನವಾಗಿ ಕಳೆಯಿತು. ಕಂಪನಿಯಿಂದ ಎರಡು ಸಲ ವಿಚಾರಿಸಿದರು. ಎರಡನೆಯ ಸಲ, ಬೇರೊಬ್ಬರ ಹೆಸರೂ ನಮ್ಮ ಮುಂದಿದೆ ಎಂದು ಮೆತ್ತಗೆ ತಿಳಿಸಿದರು. ಶ್ರೀಲಕ್ಷ್ಮಿ ದಿನಕ್ಕೆ ಹತ್ತು ಸಲ ಫೋನು ನೋಡುವುದು, ಕೆಳಗಿಡುವುದು. ಅವಳು ನೋಡದೆ ಇದ್ದಾಗ ಶ್ರೀಹರ್ಷ ನೋಡುತ್ತಿದ್ದ. ಅನಂತಕೃಷ್ಣಯ್ಯನವರು ದೇವರ ಮುಂದೆ ಏನು ಬೇಡಿಕೊಂಡರೋ ಯಾರಿಗೂ ಹೇಳಲಿಲ್ಲ.

ತಿಂಗಳು ಮುಗಿಯಲು ಆರು ದಿನ ಉಳಿದಿದ್ದಾಗ ಉತ್ತರ ಬಂತು. ಶ್ರೀಲಕ್ಷ್ಮಿ ಅಕ್ಕಿ ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು, ನಿಂತುಕೊಂಡೇ ಪೂರ್ತಿ ಓದಿದಳು. ಆಮೇಲೆ ಮಾವನ ಕೈಗೆ ಫೋನು ಕೊಟ್ಟಳು. ವಿವರಣೆಯನ್ನು ಒಪ್ಪಿದ್ದೇವೆ ಎಂದಿತ್ತು. ಬೇರೆ ಪರವಾನಗಿ ಇಲ್ಲದೆ ಕೆಲಸ ಮಾಡಬಹುದು. ಹೊಸ ಕಾರ್ಡು ಬರುತ್ತದೆ, ಅದನ್ನು ಹಿಡಿದು ದೇಶದ ಹೊರಗೆ ಹೋಗಿ ಬರಬಹುದು.

ಅನಂತಕೃಷ್ಣಯ್ಯನವರು ಮೂರು ಸಲ ಓದಿ, "ಎಲ್ಲೂ ತಿದ್ದಿಲ್ಲ" ಎಂದರು. ಸಂತೋಷವನ್ನು ಅವರು ಹೇಳುತ್ತಿದ್ದದ್ದೇ ಹಾಗೆ.

ಅವಳು ಮೊದಲು ಮೈಸೂರಿಗೆ ಫೋನು ಮಾಡಿದಳು. "ವಿಮಾನ ಸರಿಯಾಗಿ ಬಿಡಲಿ ಅಮ್ಮ, ಬರ್ತೀನಿ. ಹದಿನೈದು ದಿನ ಇದ್ದು ವಾಪಸ್ ಬರ್ತೀನಿ."

"ಬರೋಕೆ ಮುಂಚೆ ವಾಪಸ್ ಹೋಗೋ ಮಾತ್ಯಾಕೇ?" ಎಂದರು ತಾಯಿ.

"ಈಗ ವಿಷಯ ಇರೋದೇ ಅದರಲ್ಲಿ, ಅಮ್ಮ" ಎಂದಳು. ನಗಲು ಹೋದವಳು ಅತ್ತುಬಿಟ್ಟಳು. ಅನಂತಕೃಷ್ಣಯ್ಯನವರು ಎದ್ದು ಹೋಗಿ ಅವಳು ಬಿಟ್ಟು ಬಂದಿದ್ದ ಅಕ್ಕಿಯನ್ನು ತೊಳೆದು ಒಲೆಯ ಮೇಲಿಟ್ಟರು. ನೀರು ಹೆಚ್ಚಾಗಿ ಅನ್ನ ಮುದ್ದೆಯಾಯಿತು. ಯಾರೂ ಆಡಿಕೊಳ್ಳಲಿಲ್ಲ.

ಏಪ್ರಿಲ್ ಮೊದಲ ವಾರ ಅವಳು ಕೆಲಸಕ್ಕೆ ಸೇರಿದಳು. ಮನೆ ಬೇರೆಯೇ ಆಯಿತು. ಶ್ರೀಹರ್ಷ ತಿಂಡಿ ಮಾಡುವುದನ್ನು ಕಲಿತ, ಕಲಿಯುತ್ತ ಮನೆಯವರ ಹೊಟ್ಟೆಯನ್ನು ಪರೀಕ್ಷಿಸಿದ. ಮಧ್ಯಾಹ್ನ ಇಂಚರಾಳನ್ನು ಶಾಲೆಯಿಂದ ಕರೆತರುವುದು ತಾತನ ಪಾಲಿಗೆ ಬಂತು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಸಾಯಂಕಾಲ ಶ್ರೀಲಕ್ಷ್ಮಿ ಬಂದವಳು ಕುರ್ಚಿಯಲ್ಲಿ ಕೂತಳು. ಕೆನ್ನೆಯ ಮೇಲೆ ಮಾಸ್ಕಿನ ಗುರುತು ಹಾಗೇ ಇತ್ತು.

"ಇವತ್ತು ಏನು ಮಾಡಿದೆಯಮ್ಮ?" ಎಂದು ಅನಂತಕೃಷ್ಣಯ್ಯನವರು ಕೇಳಿದರು. ದಿನವೂ ಕೇಳುತ್ತಿದ್ದರು.

"ಕೊಳವೆ ತಯಾರಾಗೋ ಯಂತ್ರಗಳ ಒಂದು ಸಾಲು ಪೂರ್ತಿ ನಿಲ್ಲಿಸಿಬಿಟ್ಟೆ, ಮಾವ."

"ಅಯ್ಯೋ. ಯಾಕೆ?"

"ಅಳತೆ ಮಾಡೋ ಸಾಧನವೇ ಒಂದು ಕೂದಲೆಳೆಯಷ್ಟು ಆಚೆ ತೋರಿಸ್ತಿತ್ತು. ಎರಡು ಸಲ ನೋಡಿದೆ. ಹೊಸಬಳು, ಹೇಳಲೋ ಬೇಡವೋ ಅನ್ನಿಸ್ತು. ಆ ಕೊಳವೆ ಯಾರದೋ ಗಂಟಲಿಗೆ ಹೋಗೋದಲ್ವಾ. ಹೇಳಿದೆ. ಮೇಲಿನವರು ಬಂದು ಪರೀಕ್ಷೆ ಮಾಡಿದ್ರು. ಹೌದು ಅಂದ್ರು. ಬೆಳಿಗ್ಗೆಯಿಂದ ಆಗಿದ್ದನ್ನೆಲ್ಲ ಪಕ್ಕಕ್ಕೆ ತೆಗೆಸಿದ್ರು."

"ಬೈದರೇನು?"

"ಇಲ್ಲ. ನಾಳೆಯಿಂದ ಬೆಳಿಗ್ಗೆ ಮೊದಲು ಎಲ್ಲ ಸಾಧನಗಳನ್ನೂ ನೀವೇ ನೋಡಿ ಸಹಿ ಹಾಕಿ, ಆಮೇಲೆ ಸಾಲು ಶುರು ಮಾಡ್ತೀವಿ ಅಂದ್ರು."

ಅನಂತಕೃಷ್ಣಯ್ಯನವರು, ಅವಳ ಸಹಿ ಬೀಳುವ ತನಕ ಕಾರ್ಖಾನೆಯ ಒಂದು ಸಾಲು ಕಾಯುತ್ತದೆ ಎಂಬುದನ್ನು ಮನಸ್ಸಿನಲ್ಲಿ ಒಂದೆರಡು ಸಲ ಹೊರಳಿಸಿ ನೋಡಿದರು. ಇದನ್ನು ಕೇಳಬೇಕಾಗಿದ್ದ ರಾಜಮ್ಮ ಇಲ್ಲವಲ್ಲ ಎನ್ನಿಸಿತು. ಆಕೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೊಳ್ಳೇಗಾಲದ ಅರ್ಧ ಊರಿಗೆ ತಿಳಿದಿರುತ್ತಿತ್ತು.

ಮರುದಿನ ಬೆಳಿಗ್ಗೆ ಆರೂವರೆಗೆ ಶ್ರೀಲಕ್ಷ್ಮಿ ಹೊರಟಾಗ ಅವರು ಪಂಚೆಯ ಮೇಲೆ ಉದ್ದ ಕೋಟು ಹಾಕಿ, ಮಾಸ್ಕು ಕಟ್ಟಿ ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗೆ, ಮಾವ?"

"ಬಸ್‌ಸ್ಟಾಪಿನವರೆಗೆ. ಡಬ್ಬಿ ಕೊಡು ಇಲ್ಲಿ."

"ಅಯ್ಯೋ ಬೇಡಿ, ನಾನೇ ಹಿಡ್ಕೋತೀನಿ."

"ಕೊಡು ಅಂದ್ರೆ."

ಅವರು ಆಯಸ್ಸಿನಲ್ಲಿ ಯಾರ ಊಟದ ಡಬ್ಬಿಯನ್ನೂ ಹೊತ್ತವರಲ್ಲ. ಅವರದನ್ನು ರಾಜಮ್ಮ ಕಚೇರಿಗೆ ಕಳಿಸುತ್ತಿದ್ದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಸೊಸೆಗಿಂತ ಅರ್ಧ ಹೆಜ್ಜೆ ಹಿಂದೆ ನಡೆದರು. ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಬಸ್‌ಸ್ಟಾಪಿನಲ್ಲಿ ನೀಲಿ ಕೋಟಿನ ಹೆಂಗಸೊಬ್ಬರು ಎರಡು ಮೀಟರು ದೂರದಲ್ಲಿ ಬೇರೆ ಬಸ್ಸಿಗೆ ಕಾಯುತ್ತ ನಿಂತಿದ್ದರು. ಮುದುಕರ ವೇಷವನ್ನೂ ಡಬ್ಬಿಯನ್ನೂ ನೋಡಿ, ಇಷ್ಟು ಬೆಳಿಗ್ಗೆ ಎಲ್ಲಿಗೆ ಪ್ರಯಾಣ ಎಂದು ನಗುತ್ತ ಕೇಳಿದರು.

ಬಸ್ಸು ಬಂದು ನಿಂತಿತು. ಅನಂತಕೃಷ್ಣಯ್ಯನವರು ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, ಅವಳು ಹತ್ತಿ ಒಳಗೆ ಹೋಗುವವರೆಗೂ ಕಾದು, ಆಮೇಲೆ ಆ ಹೆಂಗಸಿನ ಕಡೆ ತಿರುಗಿ ತಮಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹೇಳಿದರು:

"ಪ್ರಯಾಣ ನನ್ನದಲ್ಲ. ಅವಳು ನನ್ನ ಸೊಸೆ. ಕೆಲಸಕ್ಕೆ ಹೋಗುತ್ತಿದ್ದಾಳೆ. ನಾನು ಇಲ್ಲಿಯವರೆಗೆ ಮಾತ್ರ."